ಕುಬಸಕ್ಕೆ ಒಯ್ದ ಗೋಧಿ ಹುಗ್ಗಿ

ಮಗಳು ಬೀಳಗಿಯಿಂದ ಫೋನ್ ಮಾಡಿದಾಗ ನಮ್ಮ ನಾಲ್ಕೂ ಮಗ್ಗ ನಡೆದಿದ್ದವು. ಬನಹಟ್ಟಿಯಲ್ಲಿ ಪಾವರ್‌ಲೂಮ್ ಇರುವ ಮನೆಯವರಿಗೆ ಫೋನ್ ಬಂತೆಂದರೆ ಮೊದಲು ಅಂಗಳಕ್ಕೆ ಓಡಬೇಕು, ಆಮೇಲೆ ಹಲೋ ಅನ್ನಬೇಕು. ಇಪ್ಪತ್ತೈದು ವರ್ಷ ಆ ಸದ್ದಿನಲ್ಲಿ ನಿಂತು ನನ್ನ ದನಿಯೇ ದೊಡ್ಡದಾಗಿದೆ. ಮೆಲ್ಲಗೆ ಮಾತಾಡುತ್ತೇನೆಂದರೂ ಓಣಿಗೆಲ್ಲ ಕೇಳುತ್ತದೆ. ಅವತ್ತೂ ಅಂಗಳದಲ್ಲಿ ನಿಂತು "ಹೇಳವ್ವಾ, ಹೆಂಗದಿ?" ಎಂದು ಕೂಗಿದೆ.

ಅವಳಿಗೆ ಏಳನೇ ತಿಂಗಳು. ಬರುವ ಗುರುವಾರ ಕುಬಸ ಇಟ್ಟುಕೊಂಡಿದ್ದೆವು. ನಮ್ಮ ಕಡೆ ಕುಬಸ ಅಂದರೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿಗಟ್ಟಲೆ ಅಡಿಗೆ ಹೊತ್ತುಕೊಂಡು ಬೀಗರ ಮನೆಗೆ ಹೋಗಿ, ಬಸುರಿ ಮಗಳನ್ನು ಮಣೆಯ ಮೇಲೆ ಕೂರಿಸಿ, ಅವಳು ಬಯಸಿದ್ದನ್ನೆಲ್ಲ ಉಣ್ಣಿಸುವ ಕಾರ್ಯ. ಏನು ಬಯಸಿದ್ದಾಳೆ ಎಂದು ಕೇಳುವುದು ಹಡೆದವಳ ಕೆಲಸ. ನಾನು ಕೇಳಿದೆ.

"ಅವ್ವಾ, ಹೋಳಿಗಿ, ಕಡಬು ಏನ ಬೇಕಾದ್ದ ತಗೊಂಬಾ. ಆದ್ರ ಗೋಧಿ ಹುಗ್ಗಿ ಮಾತ್ರ ಸಣ್ಣವ್ವನ ಕೈಲೆ ಮಾಡಿಸ್ಕೊಂಡ ಬಾ ಬೇ. ನೆನಸಿದ್ರ ಸಾಕು, ಬಾಯಾಗ ನೀರ ಬರಾಕತ್ತಾವ" ಎಂದಳು.

ಸಣ್ಣವ್ವ ಅಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ನಾವಿಬ್ಬರೂ ಇಷ್ಟು ವರ್ಷ ಬಾಳಿದವರು. ನಾನು "ಹೂಂ" ಅಂದೆ. ಮತ್ತೇನು ಅನ್ನಲಿ? ಫೋನ್ ಇಟ್ಟ ಮೇಲೂ ಅಂಗಳದಲ್ಲೇ ನಿಂತಿದ್ದೆ. ಹಡೆದವಳು ನಾನು. ನನ್ನ ಕೈಗಳೇನು ಮುರಿದು ಬಿದ್ದಿದ್ದವೇ?

ಹೊಟ್ಟೆಕಿಚ್ಚು ಇದೆ ಎಂದು ನಾಲ್ಕು ಮಂದಿ ಎದುರು ಒಪ್ಪಿಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಎಲ್ಲರೂ "ನನಗ್ಯಾಕ ಬೇಕವ್ವಾ ಮಂದೀದು" ಅನ್ನುವವರೇ. ನಾನು ಒಪ್ಪಿಕೊಳ್ಳುತ್ತೇನೆ. ನೆಗೆಣ್ಣಿಯ ಮೇಲೆ ನನಗೆ ಹೊಟ್ಟೆಕಿಚ್ಚು, ಅವಳು ಈ ಮನೆಗೆ ಬಂದ ಮೂರನೇ ತಿಂಗಳಿಂದ. ಬಂಗಾರಕ್ಕಲ್ಲ, ಬಣ್ಣಕ್ಕಲ್ಲ. ಬಣ್ಣ ನನ್ನದೇ ಒಂದು ಕೈ ಮೇಲು. ನನ್ನ ಮಗಳು ಅವಳ ಕೈತುತ್ತಿಗೆ ಹೊಂದಿಕೊಂಡುಬಿಟ್ಟಳು, ಅದಕ್ಕೆ.

ತಪ್ಪು ಯಾರದೆಂದರೆ ಯಾರದೂ ಅಲ್ಲ. ನಮ್ಮ ಅತ್ತೆ ಬದುಕಿದ್ದಾಗ ಕೆಲಸ ಹಂಚಿಕೊಟ್ಟಿದ್ದಳು. ನಾನು ನೇಕಾರರ ಓಣಿಯಲ್ಲೇ ಹುಟ್ಟಿ ಬೆಳೆದವಳು, ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದೆ, ನನಗೆ ಮಗ್ಗ. ನೆಗೆಣ್ಣಿ ಮುಧೋಳ ಕಡೆಯವಳು, ತವರಿನಲ್ಲಿ ಮಗ್ಗದ ಜೊತೆ ನಾಲ್ಕೆಕರೆ ಹೊಲವೂ ಇತ್ತು, ಕಾಳುಕಡಿ ಬಲ್ಲವಳು, ಅವಳಿಗೆ ಒಲೆ. ಮಗಳು ಹುಟ್ಟಿ ಐದು ತಿಂಗಳಿಗೆ ನಾನು ಮತ್ತೆ ಮಗ್ಗಕ್ಕೆ ನಿಂತೆ. ಕೂಸು ಅಡಿಗೆ ಮನೆಯ ತೊಟ್ಟಿಲಲ್ಲಿ ಉಳಿಯಿತು. ಹಲ್ಲು ಬಂದದ್ದು, ಮೊದಲ ಮಾತು ಆಡಿದ್ದು, ಎಲ್ಲ ಅಲ್ಲೇ. ನನಗೆ ಸುದ್ದಿ ಬರುತ್ತಿತ್ತು.

ಸಾಲಿಯಿಂದ ಬಂದರೆ ಹುಡುಗಿ ಪಾಟಿಚೀಲ ಹಾಕಿಕೊಂಡು ನನ್ನ ಮುಂದೆಯೇ ಹಾದು ಒಳಗೆ ಹೋಗುತ್ತಿದ್ದಳು. ಮಗ್ಗ ನಿಲ್ಲಿಸಿ ಮಾತಾಡಿಸುವಷ್ಟರಲ್ಲಿ ಅವಳ ಬಾಯಲ್ಲಿ ಗೋಧಿ ಗುಗ್ಗರಿ ಇರುತ್ತಿತ್ತು. ರಾತ್ರಿ ನೆನೆಸಿದ ಇಡೀ ಗೋಧಿಯನ್ನು ಕುದಿಸಿ, ಉಪ್ಪು ಹಾಕಿ, ಒಣಕೊಬ್ಬರಿ ತುರಿದು, ಬೆಲ್ಲದ ಚೂರು ಮೇಲಿಟ್ಟು ಕೊಡುತ್ತಿದ್ದಳು ನೆಗೆಣ್ಣಿ. ಹುಡುಗಿ ಒಂದೊಂದೇ ಕಾಳು ಜಗಿಯುತ್ತ ಹೊಸ್ತಿಲ ಮೇಲೆ ಕೂತು ಸಾಲಿಯ ಸುದ್ದಿಯೆಲ್ಲ ಅವಳಿಗೆ ಹೇಳುತ್ತಿದ್ದಳು. ಮಗ್ಗದ ಸದ್ದಿನಲ್ಲಿ ನನಗೆ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ಇನ್ನು ಹುಗ್ಗಿ. ಖರೆ ಹೇಳುತ್ತೇನೆ, ನನ್ನ ಮನಸ್ಸಿಗೆ ಎಷ್ಟು ಕಹಿಯಾದರೂ ಸುಳ್ಳು ಬರೆಯಲಾರೆ: ನೆಗೆಣ್ಣಿಯ ಕೈಯ ಗೋಧಿ ಹುಗ್ಗಿ ಬನಹಟ್ಟಿಯಲ್ಲಿ ಯಾರಿಗೂ ಬರುವುದಿಲ್ಲ. ಕೆಂಪು ಜವೆಗೋಧಿಯನ್ನೇ ತರಬೇಕು. ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಒರಳಿಗೆ ಹಾಕಿ ಒನಕೆಯಿಂದ ಮೆಲ್ಲಗೆ ಕುಟ್ಟಬೇಕು. ಸಿಪ್ಪೆ ಬಿಡಬೇಕು, ಕಾಳು ಒಡೆಯಬಾರದು. ಕೇರಿ, ಒಣಗಿಸಿ, ಮತ್ತೆ ಕೇರಬೇಕು. ಮುಂಜಾನೆ ಒಲೆಗಿಟ್ಟರೆ ಕಾಳು ಅರಳಿ ಬಾಯಿ ಬಿಡುವವರೆಗೂ ಅವಳು ಕದಲುವುದಿಲ್ಲ. ಆಮೇಲೆ ಬೆಲ್ಲ, ಕೊಬ್ಬರಿ, ಹುರಿದ ಗಸಗಸೆ, ಏಲಕ್ಕಿ, ಒಣಶುಂಠಿ, ಚೂರು ಜಾಜಿಕಾಯಿ. ಬಟ್ಟಲಿಗೆ ಹಾಕಿ ನಡುವೆ ಗುಣಿ ಮಾಡಿ ತುಪ್ಪ ಸುರಿದು, ಸುತ್ತ ಬಿಸಿ ಹಾಲು ಬಿಟ್ಟರೆ, ಕಾಳು ಹಲ್ಲಿಗೆ ಸಿಕ್ಕಿಯೂ ಸಿಗದ ಹಾಗೆ ಜಾರಿ ಹೋಗುತ್ತದೆ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡಿದ ದಿನ ನಮ್ಮ ಮನೆಯಲ್ಲಿ ಅದೇ ಊಟ. ಮಾರನೆಯ ದಿನದ ತಂಗಳ ಹುಗ್ಗಿಗೆ ಗಂಡಸರು ಜಗಳಾಡುತ್ತಿದ್ದರು.

ನಾನೂ ಒಂದೆರಡು ಸಲ ಮಾಡಿದ್ದೆ. ನನ್ನ ಗಂಡ ಉಂಡು, "ನಿನ್ನ ಹುಗ್ಗಿ ಉಂಡ್ರ ಬಾಯಿಗೂ ಎರಡ ಪಾಳಿ ಕೆಲಸ ನೋಡ" ಎಂದು ನಕ್ಕಿದ್ದ. ಎಲ್ಲರೂ ನಕ್ಕರು. ಮಗಳು ಎಲ್ಲರಿಗಿಂತ ಹೆಚ್ಚು ನಕ್ಕಳು. ಆವತ್ತಿನಿಂದ ನಾನು ಹುಗ್ಗಿಯ ತಂಟೆಗೆ ಹೋಗಲಿಲ್ಲ.

ಫೋನ್ ಬಂದ ದಿನ ಮಾತ್ರ ನನ್ನೊಳಗೆ ಏನೋ ಹಟ ಹೊಕ್ಕಿತು. ಕುಬಸದ ಮಣೆಯ ಮೇಲೆ ಕೂತ ಮಗಳು, ಬೀಗರ ಹತ್ತು ಮಂದಿ ಹೆಂಗಸರ ನಡುವೆ, ಬಾಯಿ ಚಪ್ಪರಿಸಿ "ಸಣ್ಣವ್ವನ ಹುಗ್ಗಿ, ಸಣ್ಣವ್ವನ ಹುಗ್ಗಿ" ಅನ್ನುವುದನ್ನು ನಾನು ನಿಂತು ಕೇಳಬೇಕೇ? ಆಗದು. ಹುಗ್ಗಿ ನಾನು ಮಾಡುತ್ತೇನೆ. ಮೊದಲು ಹೇಳುವುದಿಲ್ಲ. ಅವಳು ಉಂಡು "ಭಾರಿ ಆಗೇತಿ" ಅನ್ನಲಿ, ಆಮೇಲೆ ಎಲ್ಲರ ಎದುರು "ಇದು ನಿನ್ನ ಹಡದವ್ವ ಮಾಡಿದ್ದು" ಎಂದು ಹೇಳುತ್ತೇನೆ. ಇಷ್ಟು ಲೆಕ್ಕ ಹಾಕಿಕೊಂಡೆ.

ಆದರೆ ನೆಗೆಣ್ಣಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮಗಳು ಅವಳಿಗೂ ಫೋನ್ ಮಾಡಿದ್ದಳು. ಮಧ್ಯಾಹ್ನ ನೋಡುತ್ತೇನೆ, ಹಿತ್ತಲಲ್ಲಿ ಒರಳು ತೊಳೆದು, ಸೆರಗು ಸೊಂಟಕ್ಕೆ ಕಟ್ಟಿ, ಗೋಧಿ ಕುಟ್ಟುತ್ತಿದ್ದಾಳೆ. ಮುಖದಲ್ಲಿ ಏನು ಕಳೆ! ನನ್ನನ್ನು ಕಂಡು, "ಅಕ್ಕಾ, ನಮ್ಮ ಹುಡುಗಿ ಹುಗ್ಗಿ ಬಯಸ್ಯಾಳಂತ. ಎರಡ ಸೇರು ಸಾಕಾಗತೈತೇನ, ಮೂರ ಹಾಕ್ಲೆ?" ಎಂದಳು. ನಮ್ಮ ಹುಡುಗಿ. ಆ "ನಮ್ಮ" ಅನ್ನುವುದು ನನ್ನ ಎದೆಯಲ್ಲಿ ಚುಚ್ಚಿತು.

ಅವಳಿಗೆ ಮಕ್ಕಳಾಗಲಿಲ್ಲ. ದವಾಖಾನೆ ತಿರುಗಿದರು, ಹರಕೆ ಹೊತ್ತರು, ಕೊನೆಗೆ ಬಿಟ್ಟರು. ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಅವಳನ್ನು ಆ ಮಾತಿನಿಂದ ನೋಯಿಸಿದವಳಲ್ಲ. ಬೇರೆ ಯಾರಾದರೂ ಅಂದರೆ ಅವರ ಜೊತೆ ಜಗಳಕ್ಕೆ ನಿಂತಿದ್ದೇನೆ. ಅಂಥವಳು ನಾನು ಮಾರನೆಯ ದಿನ ಏನು ಮಾಡಿದೆನೆಂದರೆ, ರಬಕವಿಗೆ ನಡೆದೆ. ಅಲ್ಲಿ ನನ್ನ ಗಂಡನ ಸೋದರತ್ತೆ ಇದ್ದಾಳೆ, ವಯಸ್ಸಾದವಳು. ಮನೆತನದ ರೀತಿ ರಿವಾಜು ಎಲ್ಲ ಅವಳ ಬಾಯಲ್ಲೇ. ಚಹಾ ಕುಡಿದು, ಅದೂ ಇದೂ ಮಾತಾಡಿ, ಏನೂ ತಿಳಿಯದವಳ ಹಾಗೆ ಕೇಳಿದೆ.

"ಅತ್ತೀ, ಕುಬಸದ ಅಡಗಿ ಯಾರ ಕೈಲೆ ಮಾಡಿಸಿದ್ರೂ ನಡಿತೈತೇನ್ರಿ?"

"ಹೆಂಗ ನಡಿತೈತಿ?" ಎಂದು ಅವಳು ಕಣ್ಣು ಅಗಲ ಮಾಡಿದಳು. "ಮಕ್ಕಳ ಹಡದ ಮುತ್ತೈದೇರು ಮಾಡಬೇಕು. ಬರೇ ಉಡಿಯಾಕಿ ಕೈ ತಾಗಬಾರದು. ಅಡಗಿಗೂ ತಾಗಬಾರದು, ಕಾಳಿಗೂ ತಾಗಬಾರದು. ಯಾಕ, ನಿಮ್ಮ ಮನಿ ಸಣ್ಣಾಕಿ ಕೈ ಹಾಕ್ಯಾಳೇನು?"

ಉತ್ತರ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಹೋಗಿದ್ದೆ. "ನಾ ಹೆಂಗ ಹೇಳಲ್ರಿ ಅಕಿಗೆ? ನೀವ ಹಿರ್ಯಾರು, ಒಂದ ಮಾತ ಹೇಳಿದ್ರ ಛಲೋ" ಎಂದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ.

ಸೋದರತ್ತೆ ಸಂಜೆಗೇ ಆಟೋ ಮಾಡಿಕೊಂಡು ಬಂದಳು. ನೆಗೆಣ್ಣಿ ಪಡಸಾಲೆಯಲ್ಲಿ ಮೊರ ಹಿಡಿದು ಕುಟ್ಟಿದ ಗೋಧಿ ಕೇರುತ್ತಿದ್ದಳು. ನಾನು ಮಗ್ಗದ ಮನೆಯಲ್ಲೇ ನಿಂತುಕೊಂಡೆ. ಮಾತು ಕೇಳಲಿಲ್ಲ, ತುಟಿಗಳು ಕಂಡವು. ಮುದುಕಿ ಕೈ ಮಾಡಿ ಹೇಳುತ್ತಿದ್ದಳು. ನೆಗೆಣ್ಣಿ ಕೇರುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತು ಮೊರದೊಳಗಿನ ಕಾಳನ್ನೇ ನೋಡಿದಳು. ಆಮೇಲೆ ಗೋಧಿಯನ್ನೆಲ್ಲ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಮುದುಕಿಗೆ ಚಹಾ ಇಡಲು ಎದ್ದಳು.

ರಾತ್ರಿ ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ. "ಏನಂದ್ಲು ಅತ್ತಿ?"

"ಏನಿಲ್ಲ ಬಿಡಕ್ಕಾ. ರೀತಿ ಹೇಳಿದ್ರು. ಖರೇನ ಐತಿ, ನನಗ ತಿಳೀಲಿಲ್ಲ. ಈ ಗೋಧಿ ಅಮಾಸಿಗೆ ಆಗತಾವು" ಎಂದಳು. ನನ್ನ ತಾಟಿಗೆ ರೊಟ್ಟಿ ಹಾಕುತ್ತ, "ಹುಡುಗಿಗೆ ಮಾತ್ರ ಹೇಳಬ್ಯಾಡ. ಬಸುರಿ ಹೆಂಗಸು, ಮನಸಿಗೆ ಹಚ್ಕೊಂಡಾಳು" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳ ಆ ಸಮಾಧಾನ ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಅವಳು ಕುಟ್ಟಿದ ಗೋಧಿ ಬಳಸುವ ಹಾಗಿರಲಿಲ್ಲ. ಒಂದು ಸಲ ರೀತಿ ಅಂದ ಮೇಲೆ ನಾನೂ ಅದಕ್ಕೆ ಕಟ್ಟುಬಿದ್ದಂತೆಯೇ. ಹೊಸದಾಗಿ ಕುಟ್ಟಲು ನನ್ನ ತೋಳಿಗೆ ಬಲವಿದ್ದರೂ ಹದ ತಿಳಿಯದು. ಜಮಖಂಡಿ ಬಜಾರಿನಲ್ಲಿ ಮಷಿನ್ನಿನಲ್ಲಿ ಸಿಪ್ಪೆ ತೆಗೆದ ಹುಗ್ಗಿ ಗೋಧಿ ಪಾಕೀಟಿನಲ್ಲಿ ಸಿಗುತ್ತದೆ. ಮೈದುನನನ್ನು ಕಳಿಸಿ ಅದನ್ನೇ ತರಿಸಿದೆ. ತಂದ ಮೂರು ಪಾಕೀಟಿನ ಕಾಳೂ ಒಂದೊಂದು ಬಣ್ಣ. "ಅಕ್ಕಾ, ಇವು ಹಳೇ ಗೋಧಿ ಇದ್ದಂಗ ಕಾಣತಾವು, ರಾತ್ರಿಯೆಲ್ಲಾ ನೆನಿ ಹಾಕ" ಎಂದು ನೆಗೆಣ್ಣಿ ದೂರದಿಂದಲೇ ಹೇಳಿದಳು. ನೆನೆ ಹಾಕಿದೆ, ಆದರೆ ಅವಳು ಮಲಗಿದ ಮೇಲೆ ಹಾಕಿದೆ, ಅವಳು ಹೇಳಿದ್ದಕ್ಕೆ ಹಾಕಿದೆ ಎಂದು ಆಗಬಾರದಲ್ಲ.

ಗುರುವಾರ ಬೆಳಗಾಗುವುದರೊಳಗೆ ಎದ್ದು ಸ್ನಾನ ಮಾಡಿ ದೊಡ್ಡ ಪಾತೇಲಿ ಒಲೆಗಿಟ್ಟೆ. ಬಾಡಿಗೆ ಗಾಡಿ ಒಂಬತ್ತಕ್ಕೆ ಬರುವುದಿತ್ತು. ಓಣಿಯ ಇಬ್ಬರು ಹೆಂಗಸರು ಹೋಳಿಗೆ, ಕಡಬಿಗೆ ಕೂತರು. ಇಬ್ಬರೂ ಮಕ್ಕಳ ತಾಯಂದಿರು. ನೆಗೆಣ್ಣಿ ಅವತ್ತು ಅಡಿಗೆ ಮನೆಯ ಹೊಸ್ತಿಲು ದಾಟಲಿಲ್ಲ. ಅವಳ ಒಲೆ, ಅವಳ ಸೌಟು, ಅವಳ ಡಬ್ಬಿಗಳು. ಏಲಕ್ಕಿ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದರೆ ಹೊರಗಿನಿಂದ, "ಎರಡನೇ ಸಾಲಿನಾಗ, ಹಿತ್ತಾಳಿ ಡಬ್ಬ್ಯಾಗ" ಎಂದು ದನಿ ಬರುತ್ತಿತ್ತು.

ಎಂಟೂವರೆ ಆಯಿತು. ಗೋಧಿ ಕುದ್ದೇ ಕುದಿಯಿತು. ಒಂದು ಕಾಳು ತೆಗೆದು ಹಿಚುಕಿ ನೋಡಿದೆ. ಮೇಲೆ ಮೆತ್ತಗಾಗಿತ್ತು, ನಡುವೆ ಬಿಳಿ ಚುಕ್ಕೆ ಉಳಿದಿತ್ತು. ಇನ್ನೂ ಮುಕ್ಕಾಲು ತಾಸಾದರೂ ಬೇಕು, ಗಾಡಿಯವನಿಗೆ ಕಾಯಲು ಹೇಳಿದರಾಯಿತು ಎಂದುಕೊಂಡೆ. ಇದನ್ನು ನೀವು ನಂಬಬೇಕು. ನಾನು ಕಾಯುವವಳಿದ್ದೆ.

ಅಷ್ಟರಲ್ಲಿ ನೆಗೆಣ್ಣಿ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಹೊಸ್ತಿಲ ಆಚೆ ಬಂದು ನಿಂತಳು. ಒಳಗೆ ಬಗ್ಗಿಯೂ ನೋಡಲಿಲ್ಲ. ಬರೀ ವಾಸನೆಯಿಂದಲೇ ತಿಳಿಯಿತು ಅವಳಿಗೆ.

"ಅಕ್ಕಾ, ಸಿಟ್ಟಿಗೇಳಬ್ಯಾಡ. ಬೆಲ್ಲ ಈಗ ಹಾಕಬ್ಯಾಡ. ಕಾಳು ಇನ್ನೂ ಅರಳಿಲ್ಲ. ಬೆಲ್ಲ ಬಿತ್ತಂದ್ರ ಎಷ್ಟಿದ್ರ ಅಷ್ಟಕ್ಕ ನಿಂತ ಬಿಡತಾವು. ಆಮ್ಯಾಲ ಸಂಜಿತನ ಕುದಿಸಿದ್ರೂ ಮೆತ್ತಗಾಗೂದಿಲ್ಲ."

ಹೋಳಿಗೆ ಲಟ್ಟಿಸುತ್ತಿದ್ದ ಹೆಂಗಸು ತಲೆ ಎತ್ತಿ, "ಹೌದವ್ವಾ, ಅಕಿ ಹೇಳೂದ ಖರೆ ಐತಿ. ಹುಗ್ಗಿ ಅಂದ್ರ ಅಕೀನ" ಎಂದಳು.

ನನ್ನ ಮಗಳ ಕುಬಸ, ನನ್ನ ಕೈಯಲ್ಲಿ ಸೌಟು, ಅವಳನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದೇನೆ, ಆದರೂ ಹುಗ್ಗಿ ಅಂದರೆ ಅವಳೇ! ನನ್ನ ಮೈಯೆಲ್ಲ ಉರಿಯಿತು. "ನನಗೂ ತಿಳಿತೈತಿ. ನಾನೂ ಈ ಮನ್ಯಾಗ ಅನ್ನಾನ ಉಂಡೇನಿ" ಎಂದು ಕೂಗಿ, ಪರಾತದಲ್ಲಿ ಪುಡಿ ಮಾಡಿಟ್ಟಿದ್ದ ಬೆಲ್ಲವನ್ನೆಲ್ಲ ಒಮ್ಮೆಗೇ ಪಾತೇಲಿಗೆ ಸುರಿದೆ. ಹಾಕಬೇಡ ಅಂದಳಲ್ಲ, ಅದಕ್ಕೇ ಹಾಕಿದೆ.

ನೆಗೆಣ್ಣಿ ಬುಟ್ಟಿ ಸರಿಮಾಡಿಕೊಂಡು ಮಗ್ಗದ ಕಡೆ ನಡೆದಳು. ನಾನು ಉರಿ ದೊಡ್ಡದು ಮಾಡಿದೆ. ಕುದಿಸಿದೆ, ತಿರುವಿದೆ, ಬಿಸಿನೀರು ಹಾಕಿ ಮತ್ತೆ ಕುದಿಸಿದೆ. ಗಾಡಿಯವನು ಹಾರ್ನ್ ಬಾರಿಸಲು ಶುರು ಮಾಡಿದಾಗ ಮತ್ತೊಂದು ಕಾಳು ಹಿಚುಕಿದೆ. ಬಿಳಿ ಚುಕ್ಕೆ ಇದ್ದಲ್ಲೇ ಇತ್ತು. ಗಸಗಸೆ, ಏಲಕ್ಕಿ, ಇದ್ದಷ್ಟು ತುಪ್ಪ ಎಲ್ಲ ಸುರಿದು ಮುಚ್ಚಿದೆ. ವಾಸನೆ ಮಾತ್ರ ಅಂಗಳ ದಾಟಿ ಹೋಗುವಂತಿತ್ತು. ದಾರಿಯಲ್ಲಿ ಹಬೆಗೆ ಮೆತ್ತಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ನೆಗೆಣ್ಣಿ ಬರಲಿಲ್ಲ. "ಮಗ್ಗ ನೋಡಾಕ ಒಬ್ರು ಬೇಕಲ್ಲ" ಎಂದು ಅವಳೇ ಅಂದಳು. ಗಾಡಿ ಹೊರಡುವಾಗ ಒಂದು ಡಜನ್ ಹಸಿರು ಬಳೆ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ನಾ ಕೊಟ್ಟೇನಿ ಅನಬ್ಯಾಡ. ನಿನ್ನವು ಅಂತ ಹೇಳಿ ಇಡಸು" ಎಂದಳು. ತೆಗೆದುಕೊಂಡೆ. ಜಮಖಂಡಿ ದಾಟಿ ಬೀಳಗಿ ಮುಟ್ಟುವವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಾಗಿದೆವು. ನನ್ನ ತೊಡೆಯ ಮೇಲೆ ಪಾತೇಲಿ ಬಿಸಿಯಾಗಿ ಕೂತಿತ್ತು.

ಬೀಗರ ಮನೆಯಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ಮಗಳು ಹಸಿರು ಸೀರೆಯಲ್ಲಿ ಗುಂಡಗೆ, ಬೆಳ್ಳಗೆ ಮಣೆಯ ಮೇಲೆ ಕೂತಿದ್ದಳು. ನನ್ನ ಹಿಂದೆ ಮುಂದೆ ನೋಡಿ, "ಸಣ್ಣವ್ವ ಎಲ್ಲಿ?" ಎಂದು ಕೇಳಿದಳು. ಅದು ಅವಳ ಮೊದಲ ಮಾತು. "ಅಕಿಗೆ ಮೊಣಕಾಲ ನೋವು" ಎಂದೆ. ಅವಳ ಮುಖ ಸಣ್ಣದಾಯಿತು. ಬಳೆ ಇಡಿಸಿದರು, ಆರತಿ ಮಾಡಿದರು, ಉಡಿ ತುಂಬಿದರು. ಎಲೆಯ ಮುಂದೆ ಕೂತ ಮೇಲೆ ಹುಗ್ಗಿಯ ಮುಚ್ಚಳ ತೆಗೆದೆ.

"ಏನ್ರಿ ಬೀಗತಿ, ಏನ ಘಮಾ ಅಂತೇತಿ!" ಎಂದು ಮಗಳ ಅತ್ತೆ ಮೂಗು ಅರಳಿಸಿದಳು. ಮಗಳ ಕಣ್ಣು ಮಿನುಗಿದವು. ನಾನೇ ಬಟ್ಟಲಿಗೆ ಹಾಕಿ, ತುಪ್ಪ ಬಿಟ್ಟು, ಹಾಲು ಸುತ್ತ ಸುರಿದು ಮೊದಲ ತುತ್ತು ಅವಳ ಬಾಯಿಗಿಟ್ಟೆ. ಅವಳು ಜಗಿದಳು. ಇನ್ನೂ ಜಗಿದಳು. ಜಗಿಯುತ್ತಲೇ ಇದ್ದಳು.

ಆ ಕಡೆ ಬೀಗತಿ ಹಲ್ಲಿನ ಸೆಟ್ಟು ಹಾಕಿದವಳು, ಒಂದು ತುತ್ತು ಬಾಯಿಗಿಟ್ಟು ಕೆನ್ನೆಯಲ್ಲೇ ಇಟ್ಟುಕೊಂಡು ಕೂತಳು. ಸಾಲಿನ ಕೊನೆಯಲ್ಲಿ ಕೂತಿದ್ದ ಒಬ್ಬ ಹೆಂಗಸು, ಬೀಗರನ್ನು ಕಾಡಿಸುವುದು ರೂಢಿಯಲ್ಲವೇ, ದೊಡ್ಡ ದನಿಯಲ್ಲಿ ಅಂದಳು:

"ಅಲ್ರಿ, ಬನಹಟ್ಟಿಯವರು ನೂಲಿಗೆ ಗಂಜಿ ಹಾಕಿದಂಗ ಹುಗ್ಗಿಗೂ ಗಂಜಿ ಹಾಕತಾರೇನ್ರಿ? ಕಾಳು ಏನ್ ಬಿಗಿ ಅದಾವ್ರಿ!"

ಎಲ್ಲರೂ ಹೋ ಎಂದು ನಕ್ಕರು. ಬೇರೆ ದಿನವಾಗಿದ್ದರೆ ಅದಕ್ಕೆ ನಾಲ್ಕು ಮರುಮಾತು ಕೊಟ್ಟು ನಾನೂ ನಗುತ್ತಿದ್ದೆ. ಆವತ್ತು ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಮಗಳು ನನ್ನ ಮುಖ ನೋಡಿದಳು. ನನ್ನ ಬಾಯಿಂದ ಮಾತು ಹೊರಬಿತ್ತು, ನಾನು ಆಡಬೇಕೆಂದು ಯೋಚಿಸಿದ್ದಲ್ಲ, ರೀತಿ ಗೀತಿ ಒಂದೂ ಆಗ ನೆನಪಿಗೆ ಬರಲಿಲ್ಲ:

"ನಾ ಎಲ್ಲಿ ಮಾಡೀನ್ರಿ? ನಮ್ಮ ನೆಗೆಣ್ಣಿ ಮಾಡಿ ಕೊಟ್ಟ ಕಳಿಸ್ಯಾಳ. ಅಕಿ ಕೈದ ಬೇಕ ಅಂದಿದ್ಲು ನಮ್ಮ ಹುಡುಗಿ."

ಹೇಳಿದ ಮೇಲೆ, ದೇವರಾಣೆ, ಒಳಗೊಳಗೆ ಒಂದು ಖುಷಿಯೂ ಆಯಿತು. ತಿಳಿಯಲಿ ಮಗಳಿಗೆ. ಅವಳ ಸಣ್ಣವ್ವನ ಕೈಯೂ ಕೆಡುತ್ತದೆ ಎಂದು ಒಂದು ಸಲವಾದರೂ ತಿಳಿಯಲಿ.

ಮಗಳು ನಂಬಲಿಲ್ಲವೋ, ಅಥವಾ ಸಣ್ಣವ್ವನ ನೆನಪೇ ಬಂತೋ, ಪಕ್ಕದಲ್ಲಿದ್ದ ಫೋನ್ ಎತ್ತಿಕೊಂಡಳು. "ತಡೀರಿ, ಸಣ್ಣವ್ವಗ ಕೇಳತೇನಿ" ಎಂದು ನಂಬರ್ ಒತ್ತಿ ಸ್ಪೀಕರಿಗೆ ಹಾಕಿದಳು. ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. ಆ ಕಡೆಯಿಂದ ಮೊದಲು ಮಗ್ಗಗಳ ಸದ್ದು ಬಂತು, ಆಮೇಲೆ ಅಂಗಳಕ್ಕೆ ಓಡಿ ಬಂದ ಉಸಿರು.

"ಹಲೋ, ಹೇಳವ್ವಾ! ಆತೇನವ್ವಾ ಎಲ್ಲಾ? ಉಂಡ್ಯಾ?"

"ಉಣ್ಣಾಕತ್ತೇನಿ. ಸಣ್ಣವ್ವಾ, ಹುಗ್ಗಿ ನೀನ ಮಾಡಿ ಕಳಿಸಿದ್ದಂತ, ಅವ್ವ ಹೇಳಾಕತ್ತಾಳ. ಹೌದೇನು? ಕಾಳು ಹಿಂಗ್ಯಾಕ ಬಿರುಸ ಉಳದಾವು?"

ಹತ್ತು ಮಂದಿ ಹೆಂಗಸರು ಫೋನಿನ ಕಡೆ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. "ನಾ ಮುಟ್ಟಿಲ್ಲವ್ವಾ, ನನ್ನ ಮುಟ್ಟಾಕ ಬಿಟ್ಟಿಲ್ಲ" ಅಂದಿದ್ದರೆ ಮುಗಿದೇಹೋಗುತ್ತಿತ್ತು. ರಬಕವಿಗೆ ಹೋದದ್ದು, ಮುದುಕಿಯನ್ನು ಕರೆಸಿದ್ದು, ಮೊಣಕಾಲ ನೋವು, ಎಲ್ಲ ಬೀಗರ ಮನೆಯ ನಡುಮನೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅವಳು ಅನ್ನುತ್ತಾಳೆ ಎಂದೇ ನಾನು ಕಾದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅನ್ನುತ್ತಿದ್ದೆ.

"ಹೌದವ್ವಾ, ನಾನ ಮಾಡಿದ್ದು" ಎಂದಳು ನೆಗೆಣ್ಣಿ. "ಗಡಿಬಿಡ್ಯಾಗ ಬೆಲ್ಲ ಲಗೂನ ಹಾಕಿಬಿಟ್ನಿ. ನಿಮ್ಮವ್ವ ಈಗ ಬ್ಯಾಡ, ಈಗ ಬ್ಯಾಡ ಅಂತ ಹೇಳಿದ್ಲು, ನಾನ ಕೇಳಲಿಲ್ಲ. ಈ ಸಲ ನನ್ನ ಕೈ ತಪ್ಪತ ನೋಡ."

ಅದು ನನ್ನನ್ನು ಕಾಯಲು ಆಡಿದ ಮಾತೋ, ನನಗೆ ತಿವಿಯಲು ಆಡಿದ ಮಾತೋ, ಇವತ್ತಿಗೂ ನನಗೆ ತಿಳಿದಿಲ್ಲ. ದನಿಯಲ್ಲಿ ತಿವಿತ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅಷ್ಟು ಮಂದಿಯ ನಡುವೆ ನಾಚಿಕೆಯಿಂದ ಸಾಯಬೇಕಾಗಿದ್ದ ನಾನು ಆಗಲೂ ಏನು ಅಂದುಕೊಂಡೆ ಗೊತ್ತೇ? ನೋಡು, ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ, ಅಂದುಕೊಂಡೆ.

ಮಗಳು ಗಲಗಲ ನಕ್ಕಳು. ಮುಖಕ್ಕೆ ಬಣ್ಣ ಬಂದಿತ್ತು. "ಬಿಡ ಬೇ, ಬಿರುಸ ಇದ್ರ ಏನಾತು? ನಿನ್ನ ಕೈದು ಹೌದಲ್ಲ? ನನಗ ಅಷ್ಟ ಸಾಕು" ಎಂದು ಫೋನ್ ಇಟ್ಟಳು. ಬಟ್ಟಲನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದಳು. ಬೀಗತಿ ತನ್ನ ಬಟ್ಟಲು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದಳು, ಉಳಿದವರು ಹೋಳಿಗೆಗೆ ಕೈ ಹಾಕಿದ್ದರು. ಅವಳೊಬ್ಬಳೇ ಒಂದೊಂದು ಕಾಳನ್ನೂ ಜಗಿದು, ಹಾಲು ತುಪ್ಪ ಸೋರಿದ ಬೆರಳು ನೆಕ್ಕಿ, ಬಟ್ಟಲು ಬರಿದು ಮಾಡಿದಳು. ನಾನು ಮಾಡಿದ್ದನ್ನು ನನ್ನ ಮಗಳು ಅಷ್ಟು ಆಸೆಯಿಂದ ಉಂಡದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಅವ್ವಾ, ಸಣ್ಣವ್ವನ ಹುಗ್ಗಿ ಇನ್ನೊಂದೀಟ ನೀಡ" ಎಂದು ಬಟ್ಟಲು ಮುಂದೆ ಹಿಡಿದಳು.

ನಾಲಿಗೆಯ ತುದಿಗೆ ಬಂದಿತ್ತು, ಇದು ನನ್ನ ಕೈಯದವ್ವಾ ಎಂದು. ಹೇಳಿದರೆ ಬಟ್ಟಲು ಕೆಳಗಿಟ್ಟುಬಿಟ್ಟಾಳು ಎಂದು ಹೆದರಿಕೆಯಾಯಿತು. ಸೌಟು ತುಂಬ ಹಾಕಿ, ಮೇಲೆ ತುಪ್ಪ ಬಿಟ್ಟೆ.